ವಿಡಿಯೊ ಗೇಮ್ ಮಾಡುವವರ ಹಣದ ಲೆಕ್ಕ: ಪುಣೆ, ಮುಂಬೈ ಕನ್ನಡಿಗರು ಪದೇ ಪದೇ ಕೇಳುವ ಪ್ರಶ್ನೆಗಳು

ಪುಣೆಯಲ್ಲಿ ಗೇಮ್ ತಂಡಗಳ ಬಜೆಟ್ ಮತ್ತು ವೇಳಾಪಟ್ಟಿ ನೋಡಿಕೊಳ್ಳುವುದು ನನ್ನ ವೃತ್ತಿ. ಹುಬ್ಬಳ್ಳಿ, ಬೆಳಗಾವಿ, ವಿಜಯಪುರದಿಂದ ಬಾಣೇರ್, ಖರಾಡಿಯ ಕಚೇರಿಗಳಿಗೆ ಕೆಲಸಕ್ಕೆ ಬಂದವರು, ಅವರ ಅಪ್ಪ ಅಮ್ಮಂದಿರು, ಕನ್ನಡ ಸಂಘದ ಕಾರ್ಯಕ್ರಮಗಳಲ್ಲಿ ಸಿಗುವವರು, ಮಾಟುಂಗಾ ಮತ್ತು ಡೊಂಬಿವಲಿಯಿಂದ ಬರೆಯುವವರು ಮತ್ತೆ ಮತ್ತೆ ಕೇಳಿದ್ದನ್ನು ಅವರದೇ ಮಾತಿನಲ್ಲಿ ಇಲ್ಲಿ ಜೋಡಿಸಿದ್ದೇನೆ. ಸಂಬಳ, ಬಾಡಿಗೆ, ಜಾಹೀರಾತು, ಅನುವಾದದ ಅಂಕಿಗಳು ಲೆಕ್ಕ ಬಿಡಿಸಲು ನಾನು ಹಿಡಿದುಕೊಂಡ ಉದಾಹರಣೆಗಳು. ಆಟ ಮಾರುವ ಆನ್‌ಲೈನ್ ಅಂಗಡಿಗಳ ಪಾಲು, ಕಾನೂನು, ಇಸವಿಗಳು ಇದ್ದದ್ದು ಇದ್ದ ಹಾಗೆ. ಎಲ್ಲ ಉತ್ತರಗಳ ಹಿಂದೆ ನನಗಿರುವುದು ಒಂದೇ ಕಾಳಜಿ: ಮೊದಲ ಆಟ ಮಾಡಿದ ತಂಡ ಎರಡನೆಯ ಆಟ ಮಾಡುವವರೆಗೆ ಉಳಿಯಬೇಕು.

## ಮೊದಲ ಪ್ರಶ್ನೆಗಳು

ಮಗ ಗೇಮ್ ಕಂಪನಿ ಸೇರುತ್ತೇನೆ ಎನ್ನುತ್ತಾನೆ. ತಿಂಗಳಾ ತಿಂಗಳಾ ಸಂಬಳ ಕೊಡಲು ಅವರಿಗೆ ದುಡ್ಡು ಎಲ್ಲಿಂದ ಬರುತ್ತದೆ?

ಮೂರು ದಾರಿಗಳಿವೆ. ಬೇರೆಯವರ ಆಟಕ್ಕೆ ಚಿತ್ರ, ಅನಿಮೇಶನ್, ಪ್ರೋಗ್ರಾಂ, ಪರೀಕ್ಷೆಯ ಕೆಲಸ ಮಾಡಿಕೊಡುವುದು ಮೊದಲನೆಯದು. ಬೆಲೆ ಇಟ್ಟು ಸ್ವಂತ ಆಟ ಮಾರುವುದು ಎರಡನೆಯದು. ಮೊಬೈಲ್‌ನಲ್ಲಿ ಉಚಿತವಾಗಿ ಕೊಟ್ಟು ಜಾಹೀರಾತಿನಿಂದ, ಆಟದೊಳಗಿನ ಖರೀದಿಯಿಂದ ಗಳಿಸುವುದು ಮೂರನೆಯದು.

ನಮ್ಮ ದೇಶದಲ್ಲಿ ಈ ಉದ್ಯಮ ಬೇರುಬಿಟ್ಟದ್ದೇ ಮೊದಲ ದಾರಿಯಿಂದ. 1997ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಧ್ರುವ ಇಂಟರ್‌ಆ್ಯಕ್ಟಿವ್ ವರ್ಷಗಟ್ಟಲೆ ವಿದೇಶಿ ಆಟಗಳಿಗೆ ಕೆಲಸ ಮಾಡಿ ಕೊನೆಗೆ 2019ರಲ್ಲಿ ಅಮೆರಿಕದ ಗೇಮ್ ಕಂಪನಿ ರಾಕ್‌ಸ್ಟಾರ್ ಪಾಲಾಯಿತು. ಫ್ರಾನ್ಸ್‌ನ ಗೇಮ್ ಕಂಪನಿ ಯೂಬಿಸಾಫ್ಟ್ ಪುಣೆಯಲ್ಲಿ 2008ರಿಂದ, ಮುಂಬೈಯಲ್ಲಿ 2018ರಿಂದ ಇದೆ. ಇಂಥಲ್ಲಿ ಸಂಬಳ ನಿಯಮಿತ; ಆದರೆ ಯಾವ ಕೆಲಸ ಉಳಿಯಬೇಕು, ಯಾವುದು ಹೋಗಬೇಕು ಎಂಬ ತೀರ್ಮಾನ ಇಲ್ಲಿ ಆಗುವುದಿಲ್ಲ. ‘ಪ್ರಿನ್ಸ್ ಆಫ್ ಪರ್ಷಿಯಾ: ದಿ ಸ್ಯಾಂಡ್ಸ್ ಆಫ್ ಟೈಮ್’ ಮರುನಿರ್ಮಾಣವನ್ನು 2020ರಲ್ಲಿ ಪುಣೆ–ಮುಂಬೈ ತಂಡಗಳ ಹೆಸರಿನಲ್ಲಿ ಘೋಷಿಸಲಾಯಿತು, 2022ರಲ್ಲಿ ಅದು ಮಾಂಟ್ರಿಯಲ್‌ಗೆ ಹೋಯಿತು. ಎರಡನೆಯ ದಾರಿಗೆ ಪುಣೆಯ ನೋಡಿಂಗ್ ಹೆಡ್ಸ್ 2020ರಲ್ಲಿ ತಂದ ‘ರಾಜಿ’ ಉದಾಹರಣೆ. ಮೂರನೆಯದಕ್ಕೆ ನವಿ ಮುಂಬೈಯ ಗೇಮೇಶನ್ 2016ರಲ್ಲಿ ಬಿಟ್ಟ ‘ಲೂಡೊ ಕಿಂಗ್’.

ಮಗ ಸೇರಲಿರುವ ಕಂಪನಿ ಈ ಮೂರರಲ್ಲಿ ಯಾವುದು ಎಂದು ಕೇಳಿ. ಸ್ವಂತ ಆಟದ ಕಂಪನಿಯಾದರೆ ಇನ್ನೂ ಎಷ್ಟು ತಿಂಗಳ ಸಂಬಳಕ್ಕೆ ಹಣವಿದೆ ಎಂದೂ ಸಂದರ್ಶನದಲ್ಲೇ ಕೇಳಬಹುದು. ಒಳ್ಳೆಯ ಮಾಲೀಕರು ಈ ಪ್ರಶ್ನೆಗೆ ಬೇಸರಪಟ್ಟುಕೊಳ್ಳುವುದಿಲ್ಲ.

ಆನ್‌ಲೈನ್ ಆಟಗಳನ್ನು ಸರ್ಕಾರ ನಿಷೇಧಿಸಿತಲ್ಲ, ಇನ್ನು ಈ ಕೆಲಸಕ್ಕೆ ಭವಿಷ್ಯ ಇದೆಯೆ?

2025ರ ಆಗಸ್ಟ್‌ನಲ್ಲಿ ಸಂಸತ್ತು ಒಪ್ಪಿದ ಕಾಯ್ದೆ ನಿಷೇಧಿಸಿದ್ದು ಹಣ ಕಟ್ಟಿ ಹಣ ಗೆಲ್ಲುವ ಆನ್‌ಲೈನ್ ಆಟಗಳನ್ನು. ಇ–ಸ್ಪೋರ್ಟ್ಸ್‌ಗೆ ಮತ್ತು ಪಣವಿಲ್ಲದ ಆಟಗಳಿಗೆ ಉತ್ತೇಜನ ಕೊಡುವುದು ಅದೇ ಕಾಯ್ದೆಯ ಇನ್ನೊಂದು ಭಾಗ. ಕೊಂಡು ಆಡುವ ಆಟಕ್ಕೂ ರಮ್ಮಿಗೂ ಸಂಬಂಧವಿಲ್ಲ.

ಒಂದು ಆಟ ಮಾಡಲು ಎಷ್ಟು ಖರ್ಚಾಗುತ್ತದೆ ಅಕ್ಕಾ?

ಎಷ್ಟು ಜನ, ಎಷ್ಟು ತಿಂಗಳು: ಇದನ್ನು ಹೇಳಿದರೆ ಉಳಿದದ್ದನ್ನು ನಾನು ಹೇಳಬಲ್ಲೆ. ಪುಣೆಯಲ್ಲಿ ನಾಲ್ವರ ತಂಡ, 18 ತಿಂಗಳ ಕೆಲಸ ಎಂದಿಟ್ಟುಕೊಳ್ಳೋಣ. ತಲಾ ಸರಾಸರಿ 50 ಸಾವಿರ ಸಂಬಳವಾದರೆ ತಿಂಗಳಿಗೆ 2 ಲಕ್ಷ, ಒಟ್ಟು 36 ಲಕ್ಷ. ಬಾಡಿಗೆ, ವಿದ್ಯುತ್, ಇಂಟರ್ನೆಟ್ ಸೇರಿ ತಿಂಗಳಿಗೆ 20 ಸಾವಿರದಂತೆ 3.6 ಲಕ್ಷ. ಕಂಪ್ಯೂಟರ್, ಚಿತ್ರ ಬಿಡಿಸುವ ಟ್ಯಾಬ್ಲೆಟ್, ಪರೀಕ್ಷೆಯ ಉಪಕರಣಗಳಿಗೆ 5 ಲಕ್ಷ. ಸಂಗೀತ ಮತ್ತು ಧ್ವನಿಗೆ 2 ಲಕ್ಷ, ಅನುವಾದಕ್ಕೆ ಒಂದೂವರೆ, ಟ್ರೇಲರ್ ಹಾಗೂ ಅಂಗಡಿ ಪುಟದ ಚಿತ್ರಗಳಿಗೆ ಒಂದೂವರೆ, ನೋಂದಣಿ, ಲೆಕ್ಕಪರಿಶೋಧಕರು, ವಕೀಲರಿಗೆ 1 ಲಕ್ಷ. ಕೂಡಿದರೆ 50.6 ಲಕ್ಷ. ಅದರಲ್ಲಿ ಶೇ. 70ಕ್ಕೂ ಹೆಚ್ಚು ಬರೀ ಸಂಬಳ.

ಹಾಗಾಗಿ ಸಾಫ್ಟ್‌ವೇರ್ ಅಗ್ಗವಾಗಿ ಸಿಕ್ಕಿತು, ಕುರ್ಚಿ ಹಳೆಯದು ಕೊಂಡೆವು ಎಂಬ ಉಳಿತಾಯಗಳಿಂದ ಬಜೆಟ್ ಉಳಿಯುವುದಿಲ್ಲ. ಈ ತಂಡ ಒಂದು ತಿಂಗಳು ತಡ ಮಾಡಿದರೆ 2.2 ಲಕ್ಷ ಹೋಯಿತು; ಆರು ತಿಂಗಳು ತಡವಾದರೆ 13.2 ಲಕ್ಷ. ತಡವಾಗುವುದು ಹೆಚ್ಚಾಗಿ ಕೊನೆಯಲ್ಲಿ. ಆಟ ಮುಗಿದಂತೆ ಕಾಣುತ್ತದೆ. ಆಮೇಲೆ ಹಳೆಯ ಲ್ಯಾಪ್‌ಟಾಪ್‌ನಲ್ಲಿ ಅಕ್ಷರ ಮಸುಕಾಗುತ್ತದೆ, ಕಂಟ್ರೋಲರ್ ಕಿತ್ತು ಮತ್ತೆ ಚುಚ್ಚಿದರೆ ಆಟ ನಿಂತುಬಿಡುತ್ತದೆ, ಹೊಸ ಆವೃತ್ತಿ ಹಾಕಿದೊಡನೆ ಹಳೆಯ ಸೇವ್ ಫೈಲ್ ತೆರೆಯುವುದಿಲ್ಲ. ಇದೆಲ್ಲ ಸರಿಹೋಗುವಷ್ಟರಲ್ಲಿ ಎರಡು ದೀಪಾವಳಿ ಕಳೆದಿರುತ್ತವೆ.

ದೊಡ್ಡ ಆಟಗಳ ಲೆಕ್ಕವೂ ಇದೇ. 2023ರಲ್ಲಿ ಅಮೆರಿಕದ ನ್ಯಾಯಾಲಯಕ್ಕೆ ಸಲ್ಲಿಕೆಯಾದ ದಾಖಲೆಗಳಿಂದ ‘ದಿ ಲಾಸ್ಟ್ ಆಫ್ ಅಸ್ ಪಾರ್ಟ್ 2’ಕ್ಕೆ ಸುಮಾರು 22 ಕೋಟಿ ಡಾಲರ್ ಖರ್ಚಾದದ್ದು ಬಯಲಾಯಿತು. ಕೆಲಸದ ಉತ್ತುಂಗದಲ್ಲಿ ಸುಮಾರು 200 ಜನ, ಒಟ್ಟು ಐದು ವರ್ಷಕ್ಕೂ ಹೆಚ್ಚು ಕಾಲ.

ಒಬ್ಬನೇ ಕುಳಿತು ಆಟ ಮಾಡಿ ಕೋಟಿ ಗಳಿಸಿದವರಿದ್ದಾರಲ್ಲ, ನಾನೇಕೆ ನೌಕರಿ ಬಿಡಬಾರದು?

‘ಸ್ಟಾರ್‌ಡ್ಯೂ ವ್ಯಾಲಿ’ಯ ಎರಿಕ್ ಬರೋನ್ ಹೆಸರು ಈ ಪ್ರಶ್ನೆಯ ಜೊತೆಗೇ ಬರುತ್ತದೆ. 2016ರಲ್ಲಿ ಬಂದ ಆ ಆಟ 2024ರ ಕೊನೆಯ ಹೊತ್ತಿಗೆ 4 ಕೋಟಿ ಪ್ರತಿ ದಾಟಿತ್ತು. ಅದನ್ನು ಮಾಡಿದ ನಾಲ್ಕೂವರೆ ವರ್ಷ ಅವರು ಸಿಯಾಟಲ್‌ನ ರಂಗಮಂದಿರವೊಂದರಲ್ಲಿ ಅರೆಕಾಲಿಕವಾಗಿ ಪ್ರೇಕ್ಷಕರಿಗೆ ಆಸನ ತೋರಿಸುವ ಕೆಲಸ ಮಾಡುತ್ತಿದ್ದರು, ಮನೆಯ ಖರ್ಚನ್ನು ಸಂಗಾತಿ ಹೊತ್ತಿದ್ದರು. ಅಂದರೆ ಆ ಆಟದ ಮೊದಲ ಹೂಡಿಕೆದಾರರು ಅವರ ಸಂಗಾತಿಯೇ.

ಕಂಪ್ಯೂಟರ್ ಆಟಗಳ ಆನ್‌ಲೈನ್ ಅಂಗಡಿಯಾದ ಸ್ಟೀಮ್‌ನಲ್ಲಿ 2024 ಒಂದೇ ವರ್ಷ 18 ಸಾವಿರಕ್ಕೂ ಹೆಚ್ಚು ಆಟಗಳು ಬಿಡುಗಡೆಯಾದವು. ಬಹುಪಾಲು ಆಟಗಳು ಮಾಡಿದವರ ಸಂಬಳವನ್ನೂ ದುಡಿದುಕೊಡುವುದಿಲ್ಲ. ನೌಕರಿ ಬಿಡುವ ಮುನ್ನ ಮೂರು ತಿಂಗಳಲ್ಲಿ ಮುಗಿಯುವ ಪುಟ್ಟ ಆಟವೊಂದನ್ನು ಮಾಡಿ, ಮಾರಾಟಕ್ಕಿಟ್ಟು, ದೂರು ಕೇಳಿ, ತಿದ್ದಿ. ಒಂದು ಆಟವನ್ನು ಪೂರ್ತಿ ಮುಗಿಸಿದವರಿಗೆ ತಮ್ಮ ವೇಗ ಗೊತ್ತಿರುತ್ತದೆ. ಬಜೆಟ್ ಬರೆಯಲು ಬೇಕಾದ ಮುಖ್ಯ ಅಂಕಿ ಅದೇ.

## ಮಾರಾಟದ ಲೆಕ್ಕ

590 ರೂಪಾಯಿಗೆ ಆಟ ಮಾರಿದರೆ ನನ್ನ ಕೈಗೆ ಎಷ್ಟು ಬರುತ್ತದೆ?

ಪೂರ್ತಿ ಬೆಲೆಗೆ ಸ್ಟೀಮ್‌ನಲ್ಲಿ ಭಾರತದ ಗ್ರಾಹಕರೊಬ್ಬರು ಕೊಂಡರು ಎನ್ನೋಣ. ಬೆಲೆಯೊಳಗೇ ಶೇ. 18 ಜಿಎಸ್‌ಟಿ ಇರುತ್ತದೆ. 590ರಲ್ಲಿ 90 ಹೋಗಿ 500 ಉಳಿಯಿತು. ಸ್ಟೀಮ್ ಪಾಲು ಶೇ. 30, ಅಂದರೆ 150. ನಿಮ್ಮದು 350. ಒಂದು ಆಟದ ಗಳಿಕೆ 1 ಕೋಟಿ ಡಾಲರ್ ದಾಟಿದರೆ ಸ್ಟೀಮ್ ಪಾಲು ಶೇ. 25ಕ್ಕೆ ಇಳಿಯುತ್ತದೆ, ನಮ್ಮಂಥವರ ಬಜೆಟ್‌ನಲ್ಲಿ ಆ ಸಾಲು ಬರೆಯುವ ಅಗತ್ಯವಿಲ್ಲ.

ಆದರೆ ಎಲ್ಲರೂ ಪೂರ್ತಿ ಬೆಲೆಗೆ ಕೊಳ್ಳುವುದಿಲ್ಲ. ಅರ್ಧ ಬೆಲೆಗೆ ಮಾರಿದ ಪ್ರತಿಯಿಂದ ಬರುವುದು 175. ಅರ್ಧದಷ್ಟು ಜನ ಪೂರ್ತಿ ಬೆಲೆಗೆ, ಉಳಿದರ್ಧ ಜನ ಅರ್ಧ ಬೆಲೆಗೆ ಕೊಂಡರೆ ಸರಾಸರಿ 262. ಕೊಂಡು ಹದಿನಾಲ್ಕು ದಿನದೊಳಗೆ, ಎರಡು ಗಂಟೆಗಿಂತ ಕಡಿಮೆ ಆಡಿದವರು ಆಟ ಹಿಂತಿರುಗಿಸಿ ಹಣ ವಾಪಸ್ ಪಡೆಯಬಹುದು. ಅದನ್ನೂ ಬ್ಯಾಂಕಿನ ವಿನಿಮಯ ಖರ್ಚನ್ನೂ ಕಳೆದು 240 ಹಿಡಿಯಿರಿ. ಮೇಲೆ ಹೇಳಿದ 50.6 ಲಕ್ಷ ವಾಪಸ್ ಬರಲು ಸುಮಾರು 21 ಸಾವಿರ ಪ್ರತಿ ಹೋಗಬೇಕು. ಅಷ್ಟಾದರೂ ಲಾಭ ಸೊನ್ನೆ.

ಅದೇ ಆಟ ಅಮೆರಿಕದಲ್ಲಿ 10 ಡಾಲರ್‌ಗೆ ಹೋದರೆ ನಿಮ್ಮ ಪಾಲು 7 ಡಾಲರ್. ಅಲ್ಲಿನ ಮಾರಾಟದ ಮೇಲೆ ಅಮೆರಿಕದ ತೆರಿಗೆ ಮೊದಲೇ ಕಡಿತವಾಗುತ್ತದೆ. ಭಾರತ–ಅಮೆರಿಕ ಒಪ್ಪಂದದ ಲಾಭ ಕೋರಿ ತೆರಿಗೆ ಮಾಹಿತಿಯನ್ನು ಸರಿಯಾಗಿ ತುಂಬಿದ್ದರೆ ಶೇ. 15, ಇಲ್ಲದಿದ್ದರೆ ಶೇ. 30. ಸರಿಯಾಗಿ ತುಂಬಿದ್ದರೆ 500 ರೂಪಾಯಿಗೆ ಮೇಲೆ ಕೈಗೆ ಬರುತ್ತದೆ. ಭಾರತದ ಕಥೆ ಹೇಳುವ ತಂಡಗಳೂ ಇಂಗ್ಲಿಷ್ ಸಂಭಾಷಣೆಗೆ ಅಷ್ಟು ಶ್ರಮ ಹಾಕುವುದೇಕೆಂದರೆ ಕಾರಣ ಈ ವ್ಯತ್ಯಾಸ.

ಇನ್ನೊಂದು ವಿಷಯ, ಹೊಸಬರು ಮರೆಯುವುದು. ಒಂದು ತಿಂಗಳ ಮಾರಾಟದ ಹಣ ಮುಂದಿನ ತಿಂಗಳ ಕೊನೆಗೆ ಸಂದಾಯವಾಗುತ್ತದೆ. ಮಾರ್ಚ್ ಮೊದಲ ವಾರ ಬಿಡುಗಡೆ ಮಾಡಿದರೆ ಮೊದಲ ಹಣ ಏಪ್ರಿಲ್ ಕೊನೆಗೆ. ಬಿಡುಗಡೆಯ ದಿನ ಖಾತೆ ಬರಿದಾಗಿದ್ದರೆ ಆ ಎರಡು ತಿಂಗಳ ಸಂಬಳಕ್ಕೆ ಸಾಲ ಮಾಡಬೇಕು.

ಸ್ಟೀಮ್ ಬಿಟ್ಟು ಬೇರೆ ಅಂಗಡಿ ಇಲ್ಲವೆ? ನೂರಕ್ಕೆ ಮೂವತ್ತು ಅನ್ಯಾಯವಲ್ಲವೆ?

ಇವೆ. ಎಪಿಕ್ ಅಂಗಡಿಯ ಪಾಲು ಶೇ. 12, 2025ರ ಜೂನ್‌ನಿಂದ ಪ್ರತಿ ಆಟದ ವರ್ಷದ ಮೊದಲ 10 ಲಕ್ಷ ಡಾಲರ್ ಗಳಿಕೆಗೆ ಅದೂ ಇಲ್ಲ. ಇಚ್ ಎಂಬ ಇನ್ನೊಂದು ತಾಣದಲ್ಲಿ ಅಂಗಡಿಗೆ ಎಷ್ಟು ಕೊಡಬೇಕೆಂದು ಮಾರುವವರೇ ಗೊತ್ತುಮಾಡಬಹುದು. ಮೊಬೈಲ್‌ನಲ್ಲಿ ಆ್ಯಪಲ್ ಮತ್ತು ಗೂಗಲ್ ಎರಡೂ ಸಣ್ಣ ತಂಡಗಳಿಂದ ಶೇ. 15 ಪಡೆಯುತ್ತವೆ. ಪ್ರವೇಶ ಶುಲ್ಕ ದೊಡ್ಡದಲ್ಲ: ಗೂಗಲ್‌ಗೆ ಒಮ್ಮೆ 25 ಡಾಲರ್, ಆ್ಯಪಲ್‌ಗೆ ವರ್ಷಕ್ಕೆ 99, ಸ್ಟೀಮ್‌ಗೆ ಪ್ರತಿ ಆಟಕ್ಕೆ 100. ಸ್ಟೀಮ್‌ನ ಆ ನೂರು ಡಾಲರ್ ಗಳಿಕೆ ಸಾವಿರ ಡಾಲರ್ ಮುಟ್ಟಿದ ಮೇಲೆ ವಾಪಸ್ ಬರುತ್ತದೆ.

ಶೇ. 30 ಹೆಚ್ಚು ಎಂದೇ ನನ್ನ ಅಭಿಪ್ರಾಯ, ಅದರಲ್ಲೂ ದೊಡ್ಡವರಿಗೆ ರಿಯಾಯಿತಿ ಕೊಟ್ಟು ಸಣ್ಣವರಿಂದ ಪೂರ್ತಿ ಪಡೆಯುವ ಕ್ರಮ ನನಗೆ ಒಪ್ಪಿಗೆಯಿಲ್ಲ. ಹಾಗಿದ್ದೂ ಕಂಪ್ಯೂಟರ್ ಆಟ ಕೊಳ್ಳುವವರು ಗುಂಪಾಗಿ ನೆರೆದಿರುವುದು ಸ್ಟೀಮ್‌ನಲ್ಲೇ, ಆದ್ದರಿಂದ ಅಲ್ಲಿ ಇಡದೆ ವಿಧಿಯಿಲ್ಲ.

ಬೆಲೆ ಕಡಿಮೆ ಇಟ್ಟರೆ ಹೆಚ್ಚು ಜನ ಕೊಳ್ಳುವುದಿಲ್ಲವೆ?

ಬೆಲೆಯನ್ನು ಮುಂದೆ ಇಳಿಸಬಹುದು. ಏರಿಸಿದರೆ ಜನ ಮುನಿಸಿಕೊಳ್ಳುತ್ತಾರೆ. ರಿಯಾಯಿತಿ ಶೇ. 20 ಅಥವಾ ಅದಕ್ಕಿಂತ ಹೆಚ್ಚಿದ್ದಾಗ ಮಾತ್ರ, ಮುಂದೆ ಕೊಳ್ಳೋಣವೆಂದು ಆಟವನ್ನು ವಿಶ್‌ಲಿಸ್ಟ್ ಎಂಬ ಪಟ್ಟಿಯಲ್ಲಿ ಇಟ್ಟುಕೊಂಡವರಿಗೆ ಸ್ಟೀಮ್ ಇಮೇಲ್ ಕಳಿಸುತ್ತದೆ. ಮೊದಲ ದಿನವೇ 150 ರೂಪಾಯಿ ಎಂದರೆ ಆಮೇಲೆ ಇಳಿಸಲು ಜಾಗವೆಲ್ಲಿ? ಬೇರೆ ಬೇರೆ ದೇಶಕ್ಕೆ ಬೇರೆ ಬೆಲೆ ಇಡುವ ಅವಕಾಶವಿದೆ. ರೂಪಾಯಿ ಬೆಲೆಯನ್ನು ಡಾಲರ್‌ನಿಂದ ನೇರವಾಗಿ ಗುಣಿಸಬೇಡಿ, ಕಾಲೇಜು ವಿದ್ಯಾರ್ಥಿಗಳ ಕೈಗೆಟಕುವಂತೆ ಇಡಿ.

ವಿಶ್‌ಲಿಸ್ಟ್, ವಿಶ್‌ಲಿಸ್ಟ್ ಎಂದು ಎಲ್ಲರೂ ಜಪ ಮಾಡುತ್ತಾರೆ. ಅದೇನು ದುಡ್ಡೆ?

ದುಡ್ಡಲ್ಲ. ಬಿಡುಗಡೆಯ ದಿನ ನಿಮ್ಮ ಆಟದ ಸುದ್ದಿ ಎಷ್ಟು ಜನರಿಗೆ ತಾನಾಗಿ ತಲುಪುತ್ತದೆ ಎಂಬ ಸಂಖ್ಯೆ. ಆಟ ಅರ್ಧ ಆಗಿರುವಾಗಲೇ ಅಂಗಡಿ ಪುಟ ತೆರೆಯಿರಿ. ಫೆಬ್ರುವರಿ, ಜೂನ್, ಅಕ್ಟೋಬರ್‌ನಲ್ಲಿ ನಡೆಯುವ ಸ್ಟೀಮ್‌ನ ಆನ್‌ಲೈನ್ ಉತ್ಸವ ನೆಕ್ಸ್ಟ್ ಫೆಸ್ಟ್‌ನಲ್ಲಿ ಮಾದರಿ ಭಾಗವನ್ನು ಉಚಿತವಾಗಿ ಆಡಲು ಕೊಡಬಹುದು. ಒಂದು ಆಟಕ್ಕೆ ಅದು ಒಂದೇ ಬಾರಿ ಸಿಗುವ ಅವಕಾಶ, ಆದ್ದರಿಂದ ಬಿಡುಗಡೆಗೆ ಹತ್ತಿರದ ಫೆಸ್ಟ್ ಆರಿಸಿಕೊಳ್ಳಿ.

ಉಚಿತ ಆಟದಲ್ಲಿ ಹಣ ಹೇಗೆ? ನಮ್ಮ ಜನ ಮೊಬೈಲ್ ಆಟಕ್ಕೆ ದುಡ್ಡು ಕೊಡುವುದಿಲ್ಲವಲ್ಲ!

ಒಬ್ಬ ಆಟಗಾರನನ್ನು ಕರೆತರಲು ಎಷ್ಟು ಖರ್ಚು, ಬಿಟ್ಟುಹೋಗುವ ಮುನ್ನ ಅವನಿಂದ ಎಷ್ಟು ಬಂತು ಎಂಬುದೇ ಇಲ್ಲಿನ ಲೆಕ್ಕ. ಜಾಹೀರಾತು ಕೊಟ್ಟು ತಲಾ 10 ರೂಪಾಯಿಯಂತೆ ಒಂದು ಲಕ್ಷ ಜನರನ್ನು ಕರೆತಂದಿರಿ: 10 ಲಕ್ಷ ಖರ್ಚು. ಒಬ್ಬೊಬ್ಬರೂ 20 ಜಾಹೀರಾತು ನೋಡಿ ಆಟ ಅಳಿಸಿದರು. ಸಾವಿರ ವೀಕ್ಷಣೆಗೆ 100 ರೂಪಾಯಿ ಬಂದರೆ ತಲಾ 2 ರೂಪಾಯಿ, ಒಟ್ಟು 2 ಲಕ್ಷ. ಎಂಟು ಲಕ್ಷ ಕೈಬಿಟ್ಟಿತು. ಹಣ ಕೊಟ್ಟು ವಸ್ತು ಕೊಳ್ಳುವವರು ಆಟಗಾರರಲ್ಲಿ ತೀರಾ ಕೆಲವರು. ಆ ಕೆಲವರಿಂದಲೇ ಉಳಿದ ನಷ್ಟ ತುಂಬಬೇಕು.

‘ಲೂಡೊ ಕಿಂಗ್’ ಈ ಬಲೆಯಿಂದ ಪಾರಾದದ್ದು ಆಟಗಾರರೇ ಆಟಗಾರರನ್ನು ಕರೆತಂದದ್ದರಿಂದ. 2020ರ ಲಾಕ್‌ಡೌನ್‌ನಲ್ಲಿ ಊರಲ್ಲಿದ್ದ ಅಜ್ಜಿ, ಮುಂಬೈಯಲ್ಲಿದ್ದ ಮೊಮ್ಮಕ್ಕಳು ಒಂದೇ ಹಾಸಿನ ಮೇಲೆ ದಾಳ ಹಾಕಿದರು. ಅದಕ್ಕೆ ಜಾಹೀರಾತು ಬೇಕಾಗಲಿಲ್ಲ. ನಿಮ್ಮ ಆಟಕ್ಕೆ ಆ ಗುಣ ಇಲ್ಲದಿದ್ದರೆ, ಕೈಯಲ್ಲಿ ದೊಡ್ಡ ಮೊತ್ತವೂ ಇಲ್ಲದಿದ್ದರೆ, ಮೂವರ ತಂಡ ಈ ದಾರಿ ಹಿಡಿಯುವುದು ಬೇಡ. ಮಕ್ಕಳು ಕೈತಪ್ಪಿ ಒತ್ತಿದ ಖರೀದಿಯಿಂದ ಬರುವ ಆದಾಯವನ್ನು ನಾನು ಯಾವ ಬಜೆಟ್‌ನಲ್ಲೂ ಬರೆದುಕೊಟ್ಟಿಲ್ಲ, ಬರೆದುಕೊಡುವುದೂ ಇಲ್ಲ.

ಹೊರದೇಶದಿಂದ ಬಂದ ಹಣಕ್ಕೆ ಇಲ್ಲಿ ಮತ್ತೆ ತೆರಿಗೆಯೆ?

ಆದಾಯ ತೆರಿಗೆ ಇದೆ. ಅಮೆರಿಕದಲ್ಲಿ ಕಡಿತವಾದದ್ದನ್ನು ಇಲ್ಲಿನ ತೆರಿಗೆಯಲ್ಲಿ ಹೊಂದಿಸಿಕೊಳ್ಳಬಹುದು, ಅದಕ್ಕೆ ಕಾಗದಪತ್ರ ಬೇಕು. ಸೇವೆಯ ರಫ್ತಿಗೆ ಜಿಎಸ್‌ಟಿ ಶೂನ್ಯ ದರ, ಆದರೆ ತೆರಿಗೆ ಕಟ್ಟದೆ ರಫ್ತು ಮಾಡಲು ನೋಂದಣಿ ಆದವರು ಪ್ರತಿ ವರ್ಷ ಮುಚ್ಚಳಿಕೆ ಸಲ್ಲಿಸಬೇಕು. ರಫ್ತಿನ ವ್ಯವಹಾರ ನೋಡಿದ ಲೆಕ್ಕಪರಿಶೋಧಕರನ್ನೇ ಹುಡುಕಿಕೊಳ್ಳಿ. ಕಿರಾಣಿ ಅಂಗಡಿಯ ಲೆಕ್ಕ ಬರೆಯುವ ಪರಿಚಯದವರು ಸಾಕು ಎಂದುಕೊಂಡವರು ಆಮೇಲೆ ನೋಟಿಸ್ ಹಿಡಿದುಕೊಂಡು ಬರುತ್ತಾರೆ.

## ಪ್ರಕಾಶಕರು, ಒಪ್ಪಂದ, ಮುಂದಿನ ಹೆಜ್ಜೆ

ಪಬ್ಲಿಷರ್ ಹಣ ಕೊಟ್ಟರೆ ಅದು ಸಾಲವೆ?

ಪಬ್ಲಿಷರ್ ಅಂದರೆ ಆಟಕ್ಕೆ ಹಣ ಹಾಕಿ, ಪ್ರಚಾರ ಮಾಡಿ ಮಾರುವ ಪ್ರಕಾಶಕರು. ಅವರು ಕೊಡುವುದು ಸಾಲವಲ್ಲ, ಆಟ ಸೋತರೆ ಸಾಮಾನ್ಯವಾಗಿ ವಾಪಸ್ ಕೊಡಬೇಕಿಲ್ಲ. ಮುಂಗಡ. ಗೆದ್ದರೆ ಅದು ಹೇಗೆ ವಸೂಲಾಗುತ್ತದೆ ಎಂಬುದರಲ್ಲೇ ಎಲ್ಲ ಅಡಗಿದೆ.

ಪ್ರಕಾಶಕರು ತಂಡಕ್ಕೆ 40 ಲಕ್ಷ ಕೊಟ್ಟರು, ಪ್ರಚಾರಕ್ಕೆ 15 ಲಕ್ಷ ಹಾಕಿದರು. ವಸೂಲಿ 55 ಲಕ್ಷ, ಆಮೇಲೆ ಸಮಪಾಲು ಎಂದು ಮಾತಾಯಿತು. ಅಂಗಡಿಗಳ ಪಾಲು ಕಳೆದು 80 ಲಕ್ಷ ಬಂತು. ಒಟ್ಟು ಆದಾಯದಿಂದ ವಸೂಲಿ ಎಂದಿದ್ದರೆ 80ರಲ್ಲಿ 55 ಪ್ರಕಾಶಕರಿಗೆ, ಉಳಿದ 25ರಲ್ಲಿ ತಲಾ ಹನ್ನೆರಡೂವರೆ. ತಂಡದ ಪಾಲಿನಿಂದ ವಸೂಲಿ ಎಂದಿದ್ದರೆ? 80ನ್ನು ಮೊದಲೇ ಹಂಚಿ ತಂಡಕ್ಕೆ 40 ಎಂದು ಬರೆಯುತ್ತಾರೆ, ಆ 40ರಿಂದ 55 ಮುರಿದುಕೊಳ್ಳುತ್ತಾರೆ. ತಂಡಕ್ಕೆ ಸೊನ್ನೆ, ಇನ್ನೂ 15 ಲಕ್ಷ ಬಾಕಿ. ಪ್ರಕಾಶಕರ ಕೈಯಲ್ಲಿ 80 ಲಕ್ಷವೂ ಉಳಿಯಿತು. ಆಟ ಅದೇ, ಮಾರಾಟ ಅದೇ, ‘ಸಮಪಾಲು’ ಎಂಬ ಮಾತೂ ಅದೇ. ಹನ್ನೆರಡೂವರೆ ಲಕ್ಷ, ಅಂದರೆ ಮುಂದಿನ ಆಟದ ಐದೂವರೆ ತಿಂಗಳ ಖರ್ಚು, ಒಂದು ವಾಕ್ಯದಲ್ಲಿ ಹೋಯಿತು.

ಸಹಿ ಹಾಕುವ ಮುನ್ನ 20, 80 ಮತ್ತು 200 ಲಕ್ಷ ಆದಾಯ ಬಂದರೆ ಯಾರಿಗೆ ಎಷ್ಟು ಎಂದು ಪ್ರಕಾಶಕರಿಂದಲೇ ಬರೆಸಿಕೊಳ್ಳಿ.

ಒಪ್ಪಂದದಲ್ಲಿ ಇನ್ನೇನು ನೋಡಬೇಕು? ವಕೀಲರಿಗೆ ಕೊಡಲು ಹಣವಿಲ್ಲ.

ವಕೀಲರಿಗೆ ಹಣ ಎತ್ತಿಡಿ, ಮಿಕ್ಕಿದ್ದರಲ್ಲಿ ಉಳಿಸಿ. ಪ್ರಚಾರದ ಖರ್ಚಿಗೆ ಮಿತಿ ಇರಬೇಕು, ಲೆಕ್ಕ ಪರಿಶೀಲಿಸುವ ಹಕ್ಕು ನಿಮಗಿರಬೇಕು. ಆಟದ ಹೆಸರು, ಪಾತ್ರಗಳು, ಮುಂದಿನ ಭಾಗಗಳ ಹಕ್ಕು ತಂಡದಲ್ಲೇ ಉಳಿಯಬೇಕು. ಪ್ರಕಾಶಕರು ಹಿಂದೆ ಸರಿದರೆ ಮಾರಾಟದ ಹಕ್ಕು ನಿಮಗೆ ಮರಳಬೇಕು.

ಎಲ್ಲರೂ ಬಿಟ್ಟುಬಿಡುವ ಷರತ್ತು ಕಂತಿನದು. ಹಣ ಹಂತ ಹಂತವಾಗಿ ಬರುತ್ತದೆ, ಪ್ರತಿ ಹಂತಕ್ಕೂ ಪ್ರಕಾಶಕರ ಒಪ್ಪಿಗೆ ಬೇಕು. ನಾನು ಹತ್ತಿರದಿಂದ ನೋಡಿದ ಒಂದು ತಂಡ ಕೆಲಸ ಒಪ್ಪಿಸಿ ಕಾಯುತ್ತಾ ಕುಳಿತಿತ್ತು. ಆ ಕಡೆಯವರು ಇಲ್ಲ ಎನ್ನಲಿಲ್ಲ, ಹೌದು ಎಂದೂ ಹೇಳಲಿಲ್ಲ. ಸಂಬಳ ತಡವಾಯಿತು, ಅನಿಮೇಶನ್ ಮಾಡುತ್ತಿದ್ದ ಹುಡುಗಿ ಬೇರೆ ಕೆಲಸ ಹಿಡಿದಳು, ಅವಳಷ್ಟು ಚೆನ್ನಾಗಿ ಆ ಪಾತ್ರವನ್ನು ನಡೆಸುವವರು ಮತ್ತೆ ಸಿಗಲಿಲ್ಲ. ‘15 ದಿನದೊಳಗೆ ಲಿಖಿತ ಆಕ್ಷೇಪ ಬಾರದಿದ್ದರೆ ಒಪ್ಪಿದಂತೆ’ ಎಂಬ ಸಾಲು ಹಾಕಿಸಿ.

ಹಗಲು ಕಂಪನಿ ಕೆಲಸ, ರಾತ್ರಿ ನಮ್ಮ ಆಟ. ತೊಂದರೆ ಇದೆಯೆ ಅಕ್ಕಾ?

ನಿಮ್ಮ ನೇಮಕ ಪತ್ರ ತೆಗೆದು ಓದಿ. ನೌಕರಿಯ ಅವಧಿಯಲ್ಲಿ ನೀವು ರಚಿಸಿದ್ದೆಲ್ಲ ಕಂಪನಿಯದು ಎಂದು ಬರೆದಿರುವ ಪತ್ರಗಳು ಬಹಳ. ಹಾಗಿದ್ದರೆ ಲಿಖಿತ ಅನುಮತಿ ಪಡೆಯಿರಿ, ಕಂಪನಿಯ ಲ್ಯಾಪ್‌ಟಾಪ್ ಮುಟ್ಟಬೇಡಿ. ಗೆಳೆಯರು ಸೇರಿ ಮಾಡುವುದಾದರೆ ಯಾರ ಪಾಲು ಎಷ್ಟು, ಮಧ್ಯದಲ್ಲಿ ಬಿಟ್ಟುಹೋದರೆ ಏನು ಎಂಬುದನ್ನು ಇಂದೇ ಒಂದು ಹಾಳೆಯಲ್ಲಿ ಬರೆದು ಸಹಿ ಹಾಕಿ.

ಯಾವ ಎಂಜಿನ್ ಅಗ್ಗ?

ಎಂಜಿನ್ ಅಂದರೆ ಆಟ ಕಟ್ಟಲು ಬಳಸುವ ಸಾಫ್ಟ್‌ವೇರ್. ನಿಮ್ಮ ತಂಡಕ್ಕೆ ಬಳಸಲು ಬರುವ ಎಂಜಿನ್ನೇ ಅಗ್ಗ. ಅನ್‌ರಿಯಲ್ ಒಂದು ಆಟದ ಗಳಿಕೆ 10 ಲಕ್ಷ ಡಾಲರ್ ದಾಟಿದ ಮೇಲೆ ಶೇ. 5 ಕೇಳುತ್ತದೆ. ಗೊಡೊ ಪೂರ್ತಿ ಉಚಿತ, ಮುಕ್ತ. ಯೂನಿಟಿ 2023ರ ಸೆಪ್ಟೆಂಬರ್‌ನಲ್ಲಿ ಪ್ರತಿ ಇನ್‌ಸ್ಟಾಲ್‌ಗೆ ಶುಲ್ಕ ಘೋಷಿಸಿ, ವರ್ಷದ ಬಳಿಕ ಅದನ್ನು ಕೈಬಿಟ್ಟಿತು. ನಡುವೆ ಎಷ್ಟೋ ತಂಡಗಳು ತಮ್ಮ ಬಜೆಟ್ ಹೊಸದಾಗಿ ಬರೆಯಬೇಕಾಯಿತು.

ಹೂಡಿಕೆದಾರರು, ಸರ್ಕಾರ ಸಹಾಯ ಮಾಡುತ್ತಾರೆಯೆ?

ಆಟಗಳಿಗೇ ಮೀಸಲಾದ ಲುಮಿಕಾಯ್ ನಿಧಿ 2020ರಿಂದ ಇದೆ. ಗೇಮ್ ಕಂಪನಿ ಕ್ರಾಫ್ಟನ್ ಇಂಡಿಯಾ 2023ರಲ್ಲಿ ತರಬೇತಿ ಸಹಿತ ನೆರವಿನ ಯೋಜನೆ ಶುರುಮಾಡಿತು, ಭಾರತದ ತಂಡಗಳಿಗೆ ನೆರವಾಗುವ ಸೋನಿಯ ಇಂಡಿಯಾ ಹೀರೊ ಪ್ರಾಜೆಕ್ಟ್ ಇದೆ. ಕರ್ನಾಟಕ 2012ರಲ್ಲೇ ಅನಿಮೇಶನ್–ಗೇಮಿಂಗ್ ನೀತಿ ತಂದ ರಾಜ್ಯ. ಊರಿಗೆ ಮರಳಿ ಕಂಪನಿ ತೆರೆಯುವ ಯೋಚನೆ ಇದ್ದವರು ಅದರ ಈಗಿನ ಆವೃತ್ತಿಯನ್ನು ಓದಬೇಕು. ಹೂಡಿಕೆದಾರರು ಬಯಸುವುದು ವರ್ಷದಿಂದ ವರ್ಷಕ್ಕೆ ಬೆಳೆಯುವ ಕಂಪನಿಯನ್ನು. ಒಂದೇ ಕಥೆಯ, ಒಮ್ಮೆ ಆಡಿ ಮುಗಿಸುವ ಆಟಕ್ಕೆ ಪ್ರಕಾಶಕರ ಹಣವೇ ಹೆಚ್ಚು ಹೊಂದುತ್ತದೆ.

ಆಟವನ್ನು ಕನ್ನಡದಲ್ಲೂ ತಂದರೆ ಗಿಟ್ಟುತ್ತದೆಯೆ?

ಈ ಪ್ರಶ್ನೆ ನನಗೆ ಇಷ್ಟ. ಲೆಕ್ಕ ಹಾಕೋಣ. ಮಾತು ಕಡಿಮೆ ಇರುವ ಆಟದಲ್ಲಿ 15 ಸಾವಿರ ಪದ. ಪದಕ್ಕೆ 3 ರೂಪಾಯಿಯಂತೆ ಅನುವಾದಕ್ಕೆ 45 ಸಾವಿರ. ಆದರೆ ಕೆಲಸ ಅಲ್ಲಿಗೆ ಮುಗಿಯುವುದಿಲ್ಲ, ಏಕೆಂದರೆ ನಮ್ಮ ಒತ್ತಕ್ಷರಗಳಿವೆ. ಯೂನಿಟಿಯಲ್ಲಿ ಪರದೆಯ ಮೇಲೆ ಬರಹ ತೋರಿಸಲು ಬಹುತೇಕರು ಬಳಸುವ ಟೆಕ್ಸ್ಟ್‌ಮೆಶ್ ಪ್ರೊ ಎಂಬ ಸಾಧನ ಅಕ್ಷರಗಳನ್ನು ಒಂದರ ಪಕ್ಕ ಒಂದು ಇಡುತ್ತದೆ, ಒಂದರ ಕೆಳಗೆ ಒಂದನ್ನು ಕೂಡಿಸುವುದಿಲ್ಲ. ‘ರಾಷ್ಟ್ರ’ ಎಂದು ಬರೆದರೆ ಪರದೆಯ ಮೇಲೆ ಷ, ಟ, ರ ಬಿಡಿಬಿಡಿಯಾಗಿ ನಿಂತು ಓದಲಾಗುವುದಿಲ್ಲ. ಗೊಡೊ 4 ಮತ್ತು ಅನ್‌ರಿಯಲ್‌ನಲ್ಲಿ ಈ ಕಾಟ ಕಡಿಮೆ. ಯೂನಿಟಿಯಾದರೆ ಪ್ರೋಗ್ರಾಮರ್‌ಗೆ ಎರಡು ವಾರದ ಕೆಲಸ, 25 ಸಾವಿರ ಹಿಡಿಯಿರಿ. ಒಟ್ಟು 70 ಸಾವಿರ.

ಪ್ರತಿಗೆ 350ರಂತೆ, ಕನ್ನಡ ಇದ್ದದ್ದರಿಂದಲೇ ಕೊಂಡ 200 ಜನ ಸಿಕ್ಕರೆ ಖರ್ಚು ಹುಟ್ಟಿತು. ಇನ್ನೂರು ಜನ ಸಿಗುತ್ತಾರೆ ಎಂಬುದು ನನ್ನ ನಂಬಿಕೆ. ಆದರೆ ಆಟ ಮುಗಿದ ಮೇಲೆ ಕನ್ನಡ ಸೇರಿಸಲು ಹೊರಟರೆ ಖರ್ಚು ಹೆಚ್ಚುತ್ತದೆ: ಗುಂಡಿಗಳ ಮೇಲಿನ ಮಾತು ಹಿಡಿಸುವುದಿಲ್ಲ, ಒತ್ತಕ್ಷರದ ಬುಡ ಕೆಳಗಿನ ಸಾಲಿಗೆ ತಾಗುತ್ತದೆ, ಪ್ರತಿ ಪರದೆಯನ್ನೂ ಮತ್ತೆ ಜೋಡಿಸಬೇಕು. ಮೊದಲ ತಿಂಗಳೇ ಒಂದು ಪರದೆಯಲ್ಲಿ ಕನ್ನಡ ಹಾಕಿ ನೋಡಿ, ಸಾಲುಗಳ ನಡುವಿನ ಅಂತರವನ್ನು ಆಗಲೇ ಗೊತ್ತುಮಾಡಿ. ಅನುವಾದಕರಿಗೆ ಪದಗಳ ಪಟ್ಟಿ ಮಾತ್ರ ಕಳಿಸಬೇಡಿ. ಆಟವನ್ನೇ ಆಡಲು ಕೊಡಿ.